ಬ್ಯಾರೆಲ್ ಉದ್ದ ಹಾಕಿದ್ರೆ ಗ್ಯಾಸ್ ಉಳಿತದಾ? ಪೇಂಟ್‌ಬಾಲ್ ಆಡುವವರು, ಆಡಿಸುವವರು ಹೇಳಿ

ಗೇರುಗುಡ್ಡೆ · ಭಾನುವಾರ ರಾತ್ರಿ 10:40

ನಮಸ್ಕಾರ. ನಾನು ಮತ್ತು ನನ್ನ ಭಾವ ಸೇರಿ ಕಾರ್ಕಳದ ಹತ್ತಿರ ಒಂದು ಹಳೇ ಮುರಕಲ್ಲಿನ ಕೋರೆಯಲ್ಲಿ ಪೇಂಟ್‌ಬಾಲ್ (ಬಣ್ಣ ತುಂಬಿದ ಗುಂಡನ್ನು ಗ್ಯಾಸಿನ ಗನ್ನಿನಲ್ಲಿ ಹೊಡೆದು ಆಡುವ ಆಟ) ಗ್ರೌಂಡ್ ನಡೆಸ್ತಾ ಇದ್ದೇವೆ. ಸುತ್ತ ಗೇರು ತೋಟ, ಅಡಗ್ಲಿಕ್ಕೆ ಒಳ್ಳೇ ಜಾಗ. 12 ಗನ್ ಉಂಟು, ಎಲ್ಲ ಟಿಪ್‌ಮನ್ 98, ಎಲ್ಲ ಸಿಒ2, 20 ಔನ್ಸಿನ ಟ್ಯಾಂಕ್. ಶನಿವಾರ ಭಾನುವಾರ ಮಣಿಪಾಲದ ಹುಡುಗರು, ಮಂಗಳೂರಿನ ಆಫೀಸಿನವರು ಬರ್ತಾರೆ. ಗುಂಡಿನ ದುಡ್ಡು ಅವರು ಕೊಡ್ತಾರೆ, ಗ್ಯಾಸ್ ಮಾತ್ರ ನಮ್ಮ ತಲೆ ಮೇಲೆ.

ಸಮಸ್ಯೆ ಎಂಥದ್ದು ಅಂದ್ರೆ, ಮೊದಲು ಒಂದು ಟ್ಯಾಂಕಿಗೆ ಸುಮಾರು 700 ಗುಂಡು ಹೋಗ್ತಿತ್ತು. ಜೂನ್‌ನಿಂದ ಈಚೆ 600 ಆದ್ರೆ ಪುಣ್ಯ. ಗ್ಯಾಸ್ ತುಂಬಿಸುವವನ ಹತ್ತಿರ ಕೇಳಿದೆ, ತೂಕ ಹಾಕಿಯೇ ಕೊಡುದು ಅಂತಾನೆ. ಮೊನ್ನೆ ಆಡ್ಲಿಕ್ಕೆ ಬಂದ ಒಬ್ಬ ಹೇಳಿದ: ನಿಮ್ಮ 8.5 ಇಂಚಿನ ಬ್ಯಾರೆಲ್ ಗಿಡ್ಡ ಆಯ್ತು, ಗ್ಯಾಸ್ ಎಲ್ಲ ಬಾಯಿಯಿಂದ ಹೊರಗೆ ಹೋಗ್ತದೆ, 16 ಇಂಚಿನದ್ದು ಹಾಕಿ, ಅರ್ಧ ಗ್ಯಾಸ್ ಉಳಿತದೆ. ಭಾವ ಆಗಲೇ ಒಂದು ಆರ್ಡರ್ ಮಾಡಿ ಆಯ್ತು. ಉಳಿದ 11 ತರಿಸುವ ಮೊದಲು ಕೇಳುವ ಅಂತ ಬರೆದೆ. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಹ್ವಾಯ್_ಕುಂದಾಪ್ರ · 10:52

ಹ್ವಾಯ್, 16 ಇಂಚಾ? ಅದ್ ಗನ್ನಾ, ದೋಟಿಯಾ? ಆಟ ಮುಗ್ದ್ ಮೇಲೆ ಗೇರ್ ಹಣ್ಣ್ ಕೊಯ್ಯುಕೆ ಅಡ್ಡಿಲ್ಲ.

ಉದ್ದಕೋವಿ · 11:05

ನಗಾಡುವವರು ನಗಾಡ್ಲಿ. ನಾನು ಮೂರು ವರ್ಷದಿಂದ 16 ಇಂಚಿನದ್ದೇ ಹಾಕುದು. ಲಾಜಿಕ್ ಸಿಂಪಲ್ ಉಂಟಲ್ಲ: ಗುಂಡು ಬ್ಯಾರೆಲ್ ಒಳಗೆ ಇರುವಷ್ಟು ಹೊತ್ತು ಗ್ಯಾಸ್ ಅದನ್ನು ದೂಡ್ತದೆ. ಹೆಚ್ಚು ಹೊತ್ತು ದೂಡಿದ್ರೆ ಹೆಚ್ಚು ವೇಗ, ಹೆಚ್ಚು ದೂರ. ಅಂದ್ಮೇಲೆ ಕಮ್ಮಿ ಗ್ಯಾಸ್ ಸಾಕು. ನಿಜವಾದ ಕೋವಿಯಲ್ಲಿ ಕೂಡ ಹಾಗೇ ಅಲ್ವಾ? ಸದ್ದು ಕೂಡ ಕಮ್ಮಿ. ನನ್ನದು "ಪುಸ್" ಅಂತದೆ, ಬಾಡಿಗೆ ಗನ್ನುಗಳದ್ದು ಗರ್ನಾಲ್ ಪಟಾಕಿ ಹೊಡೆದ ಹಾಗೆ.

ಲೇತ್_ಬೈಕಂಪಾಡಿ · ಸೋಮವಾರ ಬೆಳಿಗ್ಗೆ 7:15

ಉದ್ದಕೋವಿಯವರೇ, ಅರ್ಧ ಸರಿ ಹೇಳಿದ್ದೀರಿ. ಆ ಅರ್ಧದಿಂದಲೇ ಜನ ಹಾಳಾಗುದು.

ಮೊದಲು "ಹೆಚ್ಚು ದೂರ" ಅಂದದ್ದು ತೆಗೀರಿ. ಗುಂಡು ಬ್ಯಾರೆಲ್ಲಿನ ಬಾಯಿ ಬಿಡುವಾಗ ವೇಗ 280 ಎಫ್‌ಪಿಎಸ್ (ಸೆಕೆಂಡಿಗೆ 280 ಅಡಿ) ಇದ್ರೆ, ಅದು 8 ಇಂಚಿನಿಂದ ಬಂತೋ 16 ಇಂಚಿನಿಂದ ಬಂತೋ ಗಾಳಿಗೆ ಗೊತ್ತಾಗುದಿಲ್ಲ. ಒಂದೇ ದೂರ ಹೋಗಿ ಬೀಳ್ತದೆ. ಮೆತ್ತಗಿನ ಉರುಟು ಗುಂಡು, ನಿಜವಾದ ಕೋವಿಯ ಹಾಗೆ ಒಳಗೆ ಕೊರೆದ ಸುರುಳಿ ಗೆರೆ ಇಲ್ಲ, ತಿರುಗಿಸುವ ಮಾತೇ ಇಲ್ಲ. ಮೊದಲ ಪೇಂಟ್‌ಬಾಲ್ ಗನ್ ಮಾಡಿದ್ದು ಕಾಡಿನವರು ಕಡಿಯುವ ಮರಕ್ಕೆ ದೂರದಿಂದ ಬಣ್ಣದ ಗುರುತು ಹಾಕ್ಲಿಕ್ಕೆ. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಕಾಡಿನಲ್ಲಿ 12 ಜನ ಅದನ್ನು ಹಿಡಿದು ಆಟ ಆಡಿದ್ದು. ಮರ ಓಡುದಿಲ್ಲ, ಹಾಗಾಗಿ ಸ್ನೈಪರ್ ಕನಸು ಆಗಲೂ ಇರಲಿಲ್ಲ.

ಇನ್ನು ಗ್ಯಾಸ್. ಬ್ಯಾರೆಲ್ ಅಷ್ಟಕ್ಕೇ ಗ್ಯಾಸ್ ಉಳಿಸುದಿಲ್ಲ. ನಿಮ್ಮ ಗನ್ನಿನಲ್ಲಿ ಸುತ್ತಿಗೆ ವಾಲ್ವ್‌ಗೆ ಬಡಿತದೆ, ವಾಲ್ವ್ ತೆರೀತದೆ, ಇಷ್ಟು ಗ್ಯಾಸ್ ಹೊರಗೆ ಬರ್ತದೆ. ಎದುರು ಎಂಥ ಬ್ಯಾರೆಲ್ ಉಂಟು ಅಂತ ವಾಲ್ವ್‌ಗೆ ಗೊತ್ತಿಲ್ಲ. ಉದ್ದದ್ದು ಹಾಕಿದ್ರೆ ಅಷ್ಟೇ ಗ್ಯಾಸಿಗೆ ವೇಗ ಚೂರು ಹೆಚ್ಚಾಗಬಹುದು, ಅಷ್ಟೆ. ಆ ಹೆಚ್ಚಾದ ವೇಗವನ್ನು ನೀವು ಕ್ರೋನೋ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟು, ಗನ್ನಿನ ವೇಗದ ಸ್ಕ್ರೂ ತಿರುಗಿಸಿ ಮತ್ತೆ ಇಳಿಸಿದ್ರೆ ಮಾತ್ರ ಗ್ಯಾಸ್ ಉಳಿಯುದು. ಸ್ಕ್ರೂ ಮುಟ್ಟದೆ ಬ್ಯಾರೆಲ್ ಮಾತ್ರ ಬದಲಿಸಿದ್ರೆ ಖರ್ಚು ಅಷ್ಟೇ, ಮೇಲಿಂದ ಬ್ಯಾರೆಲ್ಲಿನ ದುಡ್ಡು ಬೇರೆ.

ಮತ್ತೊಂದು. ಆ 16 ಇಂಚಿನದ್ದು ಬಂದ ಮೇಲೆ ಅದರ ಬದಿಯಲ್ಲಿ ಕೊರೆದ ಸಣ್ಣ ತೂತು ಎಲ್ಲಿಂದ ಶುರು ಆಗ್ತದೆ ಅಂತ ಸ್ಕೇಲ್ ಇಟ್ಟು ನೋಡಿ. ತೂತು ಬಂದಲ್ಲಿ ಗ್ಯಾಸ್ ಬದಿಯಿಂದ ಹೊರಗೆ ಹೋಯ್ತು, ದೂಡುದು ಅಲ್ಲಿಗೇ ಮುಗೀತು. 8 ಇಂಚಿಗೆ ತೂತು ಶುರುವಾದ 16 ಇಂಚಿನ ಬ್ಯಾರೆಲ್ ಅಂದ್ರೆ ಗ್ಯಾಸಿನ ಲೆಕ್ಕದಲ್ಲಿ 8 ಇಂಚಿನದ್ದೇ. ಉಳಿದದ್ದು ಸೈಲೆನ್ಸರ್. ನಿಮ್ಮ "ಪುಸ್" ಆ ತೂತಿನದ್ದು ಉದ್ದಕೋವಿಯವರೇ.

ಉದ್ದಕೋವಿ · 7:48

ನನ್ನದರಲ್ಲಿ ತೂತು 10 ಇಂಚಿನಿಂದ ಶುರು. ಸರಿ, ಅದು ಒಪ್ಪಿದೆ. ಆದರೆ 10 ಇಂಚು 8.5ಕ್ಕಿಂತ ಉದ್ದವೇ ಅಲ್ವಾ?

ಎರಡನೇ_ಪೀರಿಯಡ್ · ಸೋಮವಾರ ಸಂಜೆ 5:30

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಈ ಗನ್ ಹಿಡಿದದ್ದು ಒಂದೇ ಸಲ, ಸ್ಟಾಫ್ ಟೂರಿನಲ್ಲಿ, ಅದೂ ನಮ್ಮ ಪ್ರಿನ್ಸಿಪಾಲರ ಬೆನ್ನಿಗೇ ಬಿತ್ತು. ಆದರೆ ಲೆಕ್ಕ ನೋಡಿದ್ರೆ ಕೈ ಸುಮ್ಮನೆ ಇರುದಿಲ್ಲ.

ಗುಂಡು ಸುಮಾರು 3 ಗ್ರಾಂ. 280 ಎಫ್‌ಪಿಎಸ್ ಅಂದ್ರೆ ಸೆಕೆಂಡಿಗೆ 85 ಮೀಟರ್. ಚಲನ ಶಕ್ತಿ ಹತ್ತಿರ ಹತ್ತಿರ 11 ಜೂಲ್. ಬ್ಯಾರೆಲ್ಲಿನ ಒಳ ಅಡ್ಡಳತೆ 0.68 ಇಂಚು, ಅಂದ್ರೆ 17.3 ಮಿ.ಮೀ. ಗುಂಡಿನ ಹಿಂದೆ ಒತ್ತಡ ಬೀಳುವ ಜಾಗ 2.35 ಚದರ ಸೆಂ.ಮೀ. ಇಷ್ಟು ಗೊತ್ತಿದ್ರೆ ಸಾಕು. 8 ಇಂಚಿನಲ್ಲಿ ಆ 11 ಜೂಲ್ ಕೊಡ್ಬೇಕಾದ್ರೆ ಹೊರಗಿನ ಗಾಳಿಗಿಂತ ಸರಾಸರಿ 2.3 ಬಾರ್ ಹೆಚ್ಚು ಒತ್ತಡ ಬೇಕು. 12 ಇಂಚಾದ್ರೆ 1.5 ಬಾರ್ ಸಾಕು. 16 ಇಂಚಿಗೆ 1.1. ಕಾಗದದ ಮೇಲೆ ಉದ್ದಕೋವಿಯವರೇ ಗೆದ್ದರು.

ಆದರೆ ಕಾಗದದಲ್ಲಿ ಉಜ್ಜುವಿಕೆ ಇಲ್ಲ, ಸೋರಿಕೆ ಇಲ್ಲ, ಗುಂಡಿನ ಎದುರು ಕೂತ ಗಾಳಿಯನ್ನು ಹೊರಗೆ ದಬ್ಬುವ ಕೆಲಸ ಇಲ್ಲ. ಮತ್ತೆ ಗ್ಯಾಸ್ ಹಿಗ್ಗಿದ ಹಾಗೆ ಒತ್ತಡ ಬೀಳ್ತಾ ಹೋಗ್ತದೆ. 8.5 ಇಂಚಿನ ಬ್ಯಾರೆಲ್ ಒಳಗೆ 51 ಮಿ.ಲೀ. ಜಾಗ, 16 ಇಂಚಿನದ್ದರಲ್ಲಿ 95. ವಾಲ್ವ್ ಮುಚ್ಚಿದ ಮೇಲೆ ಅಷ್ಟೇ ಗ್ಯಾಸ್ ಹೆಚ್ಚುಕಮ್ಮಿ ಎರಡು ಪಟ್ಟು ಜಾಗಕ್ಕೆ ಹರಡಿದ್ರೆ ಒತ್ತಡ ಅರ್ಧಕ್ಕಿಂತಲೂ ಕೆಳಗೆ, ಯಾಕಂದ್ರೆ ಹಿಗ್ಗುವಾಗ ತಣ್ಣಗೂ ಆಗ್ತದೆ. ಒಂದು ಕಡೆ ಬಂದು ಒಳಗಿನ ಒತ್ತಡ, ಹೊರಗಿನ ಗಾಳಿಯ ಒತ್ತಡ ಸಮ ಆಗ್ತದೆ. ಅಲ್ಲಿಂದ ಮುಂದಿನ ಒಂದೊಂದು ಇಂಚೂ ಗುಂಡಿಗೆ ಬ್ರೇಕ್. ಅದನ್ನು ಸರಿದೂಗಿಸ್ಲಿಕ್ಕೆ ನೀವು ಸ್ಕ್ರೂ ಏರಿಸಿದ್ರೆ ಗ್ಯಾಸ್ ಹೆಚ್ಚು ಬೇಕಾಗ್ತದೆ, ಕಮ್ಮಿ ಅಲ್ಲ. ಆ ಜಾಗ ಸಾಧಾರಣ 8ರಿಂದ 12 ಇಂಚಿನ ಒಳಗೆ ಬರ್ತದೆ ಅಂತ ಆಡುವವರು ಹೇಳುದು ನನ್ನ ಲೆಕ್ಕಕ್ಕೂ ಹೊಂದ್ತದೆ.

ಗೇರುಗುಡ್ಡೆಯವರು ಹೇಳಿದ 700 ಗುಂಡಿನ ಮೇಲೆ ಇನ್ನೊಂದು ಲೆಕ್ಕ ಹಾಕಿದೆ. 20 ಔನ್ಸ್ ಅಂದ್ರೆ 567 ಗ್ರಾಂ ಸಿಒ2. ಅದನ್ನು ಪೂರ್ತಿ ಹೊರಗೆ ಬಿಟ್ಟರೆ ನಮ್ಮ ಸೆಕೆಯಲ್ಲಿ ಸುಮಾರು 320 ಲೀಟರ್ ಗ್ಯಾಸ್. ಅಂದ್ರೆ ಗುಂಡಿಗೆ 450 ಮಿ.ಲೀ. ಬ್ಯಾರೆಲ್ಲಿನ ಒಳಗಿನ ಜಾಗ 51 ಮಿ.ಲೀ. ಮಾತ್ರ. ಗುಂಡನ್ನು ದೂಡ್ಲಿಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಹೋಗ್ತಾ ಉಂಟು. ಅದು ಎಲ್ಲಿ ಹೋಗ್ತದೆ ಅಂತ ಲೇತ್‌ನವರೇ ಹೇಳ್ಬೇಕು.

ಹ್ವಾಯ್_ಕುಂದಾಪ್ರ · 5:41

ಟೀಚರ್, ಪ್ರಿನ್ಸಿಪಾಲರ ಬೆನ್ನಿಗೆ ಬಿದ್ದದ್ದ್ ಲೆಕ್ಕ ತಪ್ಪಿಯಾ, ಲೆಕ್ಕ ಹಾಕಿಯಾ?

ಲೇತ್_ಬೈಕಂಪಾಡಿ · ರಾತ್ರಿ 9:20

ಟೀಚರ್, ಚಂದ ಹೇಳಿದ್ರಿ. ಎಲ್ಲಿ ಹೋಗ್ತದೆ ಅಂದ್ರೆ ಮೂರು ಕಡೆ. ಒಂದು ಪಾಲು ಹಿಂದಕ್ಕೆ: ಈ ಗನ್ ಬ್ಲೋಬ್ಯಾಕ್, ಸುತ್ತಿಗೆಯನ್ನು ಮತ್ತೆ ಹಿಂದೆ ದೂಡಿ ಕೂರಿಸ್ಲಿಕ್ಕೆ ಗ್ಯಾಸೇ ಬೇಕು. ಅದು ತಪ್ಪಿಸ್ಲಿಕ್ಕೆ ಆಗುದಿಲ್ಲ. ಎರಡನೇ ಪಾಲು ಗುಂಡಿನ ಹಿಂದೆ: ಗುಂಡು ಬ್ಯಾರೆಲ್ ಒಳಗೆ ಇರುದು ಐದು ಮಿಲಿಸೆಕೆಂಡಿನ ಹತ್ತಿರ. ವಾಲ್ವ್ ಅದಕ್ಕಿಂತ ತಡ ಮಾಡಿ ಮುಚ್ಚಿದ್ರೆ ಉಳಿದದ್ದು ಗುಂಡು ಹೋದ ಮೇಲೆ ಸುಮ್ಮನೆ ಹೊರಗೆ, ಅದೇ ಗರ್ನಾಲ್ ಸದ್ದು. ಇದರಲ್ಲಿ ಉದ್ದ ಬ್ಯಾರೆಲ್ ಚೂರು ಹಿಡ್ಕೊಳ್ತದೆ, ಹಾಗಾಗಿ 8.5ರಿಂದ 11-12ಕ್ಕೆ ಹೋದ್ರೆ ಲಾಭ ಇಲ್ಲ ಅಂತ ನಾನು ಹೇಳುದಿಲ್ಲ.

ಮೂರನೇ ಪಾಲು ಗುಂಡಿನ ಬದಿಯಿಂದ ಮುಂದಕ್ಕೆ. ನನಗೆ ಇದರ ಮೇಲೆಯೇ ಅನುಮಾನ.

ಸಣ್ಣದಿರುವಾಗ ಬಿದಿರಿನ ಪೆಟ್ಲು ಮಾಡಿದವರು ಇದ್ದೀರಾ ಇಲ್ಲಿ? ಬಿದಿರಿನ ಕೊಳವೆ, ಎರಡು ಕಾಯಿ. ಒಂದು ಕಾಯಿ ಬಾಯಿಯಲ್ಲಿ ಬಿಗಿ ಕೂತಿರ್ತದೆ, ಇನ್ನೊಂದನ್ನು ಕೋಲಿನಲ್ಲಿ ಹಿಂದಿನಿಂದ ದೂಡುದು. ನಡುವಿನ ಗಾಳಿ ಒತ್ತಿ ಒತ್ತಿ ಎದುರಿನ ಕಾಯಿ "ಪಟ್" ಅಂತ ಹಾರ್ತದೆ. ನನ್ನ ಅಣ್ಣ ಒಂದು ಮೊಳ ಉದ್ದದ್ದು ಮಾಡಿದ್ದ, ನನ್ನದು ಗೇಣುದ್ದ. ನನ್ನದೇ ದೂರ ಹೋಗ್ತಿತ್ತು, ಯಾಕಂದ್ರೆ ನಾನು ಕೊಳವೆಗೆ ಸರಿಯಾದ ಕಾಯಿ ಹುಡುಕಿ ಹುಡುಕಿ ತರ್ತಿದ್ದೆ. ಅಣ್ಣನದ್ದು ಸಡಿಲ. ಎಷ್ಟು ಒತ್ತಿದ್ರೂ ಗಾಳಿ ಬದಿಯಿಂದ "ಸುಯ್" ಅಂತ ಹೋಗುದು.

ಇಲ್ಲೂ ಅದೇ. ಗುಂಡಿಗೂ ಬ್ಯಾರೆಲ್ಲಿಗೂ ಅಡ್ಡಳತೆಯಲ್ಲಿ 0.2 ಮಿ.ಮೀ. ವ್ಯತ್ಯಾಸ ಇದ್ರೆ ಏನು ಮಹಾ ಅಂತ ಕಾಣ್ತದೆ. ಸುತ್ತಲಿನ ಆ ಸಂದು ಎಲ್ಲ ಸೇರಿಸಿದ್ರೆ ಎರಡೂವರೆ ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಕೊರೆದ ತೂತಿಗೆ ಸಮ. ಬ್ಯಾರೆಲ್ ಉದ್ದ ಆದಷ್ಟು ಆ ತೂತಿನಿಂದ ಸೋರ್ಲಿಕ್ಕೆ ಹೊತ್ತು ಹೆಚ್ಚು ಸಿಕ್ತದೆ, ಅದೂ ನೆನಪಿರ್ಲಿ. ಒಳ ಅಳತೆ .679ರಿಂದ .695 ಇಂಚಿನ ತನಕ ಬೇರೆ ಬೇರೆ ಸ್ಲೀವ್ (ಒಳಗಿನ ಕೊಳವೆ) ಹಾಕುವ ಬ್ಯಾರೆಲ್ ಕಿಟ್ ಜನ ದುಡ್ಡು ಕೊಟ್ಟು ತಗೊಳ್ಳುದು ಸುಮ್ಮನೆ ಅಲ್ಲ.

ಪರೀಕ್ಷೆಗೆ ಒಂದು ರೂಪಾಯಿ ಬೇಡ. ಬ್ಯಾರೆಲ್ ಗನ್ನಿನಿಂದ ಬಿಚ್ಚಿ, ಗುಂಡು ಹಾಕಿ ಬಗ್ಗಿಸಿ. ತನ್ನಷ್ಟಕ್ಕೆ ಉರುಳಿ ಹೊರಗೆ ಬಿದ್ರೆ ಸಡಿಲ. ಒಳಗೆ ನಿಂತು, ಬಾಯಿಯಿಂದ ಊದಿದಾಗ ಹಾರಿದ್ರೆ ಸರಿ. ಊದಿದ್ರೂ ಅಲ್ಲಾಡದಿದ್ರೆ ಬಿಗಿ, ಒಳಗೆ ಒಡೀತದೆ.

ಗೇರುಗುಡ್ಡೆ · ಮಂಗಳವಾರ ಬೆಳಿಗ್ಗೆ 8:02

ಲೇತ್ ಅಣ್ಣ, ಈಗ ನೋಡಿದೆ. ವಿಚಿತ್ರ ಉಂಟು. ಹೊಸ ಪ್ಯಾಕೆಟಿನ ಗುಂಡು ಹತ್ತರಲ್ಲಿ ಒಂಬತ್ತು ಉರುಳಿ ಬಿತ್ತು. ಮೊನ್ನೆ ಶನಿವಾರ ಒಡೆದು ಇಟ್ಟ ಪ್ಯಾಕೆಟಿನದ್ದು ಕೆಲವು ಉರುಳಿತು, ಕೆಲವು ಅಲ್ಲೇ ಕೂತಿತು, ಎರಡು ಊದಿದ್ರೂ ಬರಲಿಲ್ಲ. ಕೋಲು ಹಾಕಿ ತೆಗೆಯುವಾಗ ಒಡೆದು ಕೈ ಎಲ್ಲ ಹಳದಿ.

ಎರಡನೇ_ಪೀರಿಯಡ್ · 8:30

ಹೊರಗಿನ ಸಿಪ್ಪೆ ಜೆಲಟಿನ್ ಅಲ್ವಾ, ಮಾತ್ರೆಯ ಕ್ಯಾಪ್ಸೂಲಿನ ಹಾಗೆ. ನಮ್ಮ ಜುಲೈಯ ಗಾಳಿಯಲ್ಲಿ ಬೆಂಕಿಪೆಟ್ಟಿಗೆ ಗೀರುದಿಲ್ಲ, ಉಪ್ಪು ನೀರಾಗ್ತದೆ, ಚಪ್ಪಲಿಗೆ ಬೂಷ್ಟು ಬರ್ತದೆ. ಜೆಲಟಿನ್ ಸುಮ್ಮನೆ ಇರ್ತದಾ? ನೀರು ಎಳ್ಕೊಂಡು ಉಬ್ಬಿದೆ. ಎಲ್ಲ ಒಂದೇ ಸಮ ಉಬ್ಬಿದ್ರೆ ಪರವಾಗಿಲ್ಲ, ಮೇಲಿದ್ದದ್ದು ಹೆಚ್ಚು, ಅಡಿಯಲ್ಲಿದ್ದದ್ದು ಕಮ್ಮಿ.

ನೇತ್ರಾಣಿ_ನೀಲಿ · ಮಂಗಳವಾರ ಮಧ್ಯಾಹ್ನ 1:15

ನಾನು ಡೈವಿಂಗ್ ಮಾಡಿಸುವವ, ಗಾಳಿ ತುಂಬಿಸುದು ನನ್ನ ಹೊಟ್ಟೆಪಾಡು. ಎಲ್ಲರೂ ಬ್ಯಾರೆಲ್ ಹಿಡ್ಕೊಂಡು ಕೂತಿದ್ದೀರಿ, ಟ್ಯಾಂಕ್ ಕಡೆಯೂ ಒಮ್ಮೆ ನೋಡಿ.

ಸಿಒ2 ಒತ್ತಡ ಸೆಕೆಯ ಮೇಲೆ ನಿಂತಿರುದು. 20 ಡಿಗ್ರಿಯಲ್ಲಿ 57 ಬಾರ್, 30ರಲ್ಲಿ 72. 31 ಡಿಗ್ರಿ ದಾಟಿದ್ರೆ ಅದು ದ್ರವವಾಗಿಯೇ ಇರುದಿಲ್ಲ. ನಮ್ಮ ಏಪ್ರಿಲ್, ಮೇ ಮಧ್ಯಾಹ್ನ ಅಷ್ಟು ಸೆಕೆ ಇದ್ದೇ ಇರ್ತದೆ. ಮತ್ತೆ ಒಂದೇ ಸಮ ಟ್ರಿಗ್ಗರ್ ಒತ್ತಿದ್ರೆ ಟ್ಯಾಂಕ್ ತಣ್ಣಗಾಗಿ ಒತ್ತಡ ಬೀಳ್ತದೆ. ಹಾಗಾಗಿ ಬೆಳಿಗ್ಗೆ ಗಿಡ್ಡ ಬ್ಯಾರೆಲ್, ಮಧ್ಯಾಹ್ನ ಉದ್ದ ಬ್ಯಾರೆಲ್ ಹಾಕಿ ನೋಡಿ "ವೇಗ ಹೆಚ್ಚಾಯ್ತು" ಅಂದ್ರೆ ಅದು ಸೂರ್ಯನ ಲೆಕ್ಕ, ಬ್ಯಾರೆಲ್ಲಿನದ್ದಲ್ಲ. ಉದ್ದಕೋವಿಯವರು ಹೇಗೆ ನೋಡಿದ್ದು ಅಂತ ಕೇಳ್ಬೇಕು.

ಗಾಳಿಯ ಟ್ಯಾಂಕಿಗೆ ಹೋದ್ರೆ ಈ ತೊಂದರೆ ಇಲ್ಲ, ರೆಗ್ಯುಲೇಟರ್ ಒಂದೇ ಒತ್ತಡ ಕೊಡ್ತದೆ. ಆದರೆ ಡೈವಿಂಗ್ ಸಿಲಿಂಡರಿನಿಂದ ತುಂಬಿಸಿದ್ರೆ ಸಾಮಾನ್ಯ 200 ಬಾರ್ ತನಕ ಮಾತ್ರ, ಅಂದ್ರೆ 3000 ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ) ಟ್ಯಾಂಕಿಗೆ ಸಾಕು, 4500ರದ್ದು ತಗೊಂಡು ಬಂದ್ರೆ ಮುಕ್ಕಾಲೂ ತುಂಬುದಿಲ್ಲ. ಮತ್ತೆ ದಯವಿಟ್ಟು ಸಿಒ2 ಟ್ಯಾಂಕಿಗೆ ಗಾಳಿ ತುಂಬಿಸಿ ಅಂತ ಯಾರೂ ಬರಬೇಡಿ. ಒಬ್ಬರು ಬಂದಿದ್ರು. ತುಂಬಿದ ಟ್ಯಾಂಕ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡುದೂ ಬೇಡ.

ಉದ್ದಕೋವಿ · 2:40

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ನೋಡಿದ್ದು ಹೌದು. ಎಲ್ಲರೂ ಸೇರಿ ನನ್ನನ್ನೇ ಹಿಡ್ಕೊಂಡದ್ದು ಸರಿ ಅಲ್ಲ ಆಯ್ತಾ. ಗೇರುಗುಡ್ಡೆಯವರೇ, ನನ್ನ ಹತ್ತಿರ ತೂತಿಲ್ಲದ ಒಂದು 12 ಇಂಚಿನದ್ದು ಉಂಟು, ಟಿಪ್‌ಮನ್ ತ್ರೆಡ್. ಗುರುವಾರ ಕಾರ್ಕಳ ಕಡೆ ಬರುದುಂಟು, ತರ್ತೇನೆ. ಒಂದೇ ಹೊತ್ತಿನಲ್ಲಿ ಎರಡೂ ಹಾಕಿ ನೋಡುವ.

ಲೇತ್_ಬೈಕಂಪಾಡಿ · 9:05

ಹಾಗೆ ಮಾಡಿ. ಗುಂಡು ಎಣಿಸಿ ಗ್ಯಾಸ್ ಅಳೆಯುದು ಬೇಡ, ಟ್ಯಾಂಕ್ ತೂಕ ಹಾಕಿ. ಸಿಒ2ನ ಒಳ್ಳೇದು ಅದು, ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನೂರು ಗುಂಡು, ಬಿಟ್ಟು ಬಿಟ್ಟು ಹೊಡೆಯಿರಿ, ಟ್ಯಾಂಕಿನ ಮೇಲಿನ ನೀರು ಒರೆಸಿ ತೂಕ ಹಾಕಿ. ಆ ನೀರು ಸಹ ಗ್ರಾಂ ಲೆಕ್ಕದಲ್ಲಿ ಬರ್ತದೆ. ಎರಡೂ ಬ್ಯಾರೆಲ್ಲಿಗೆ ಒಂದೇ ವೇಗ ಕೂರಿಸಿಯೇ ಹೊಡೆಯುದು.

ಗೇರುಗುಡ್ಡೆ · ಗುರುವಾರ ರಾತ್ರಿ 10:10

ನೋಡಿ ಆಯ್ತು. ಮಳೆ ಬಿಟ್ಟದ್ದು ಮೂರು ಗಂಟೆಗೆ, ಶೀಟಿನ ಅಡಿಯಲ್ಲೇ ಹೊಡೆದದ್ದು. ಉದ್ದಕೋವಿ ಅಂದ್ರೆ ನಾನು ಯಾರೋ ಹುಡುಗ ಅಂತ ಎಣಿಸಿದ್ದೆ, ರಿಟೈರ್ ಆದ ಬ್ಯಾಂಕಿನವರು!

ಹೊಸ ಪ್ಯಾಕೆಟ್, ಸ್ಕ್ರೂ ಮುಟ್ಟದೆ: 12 ಇಂಚಿನದ್ದರಲ್ಲಿ ವೇಗ ಹತ್ತು ಹನ್ನೆರಡು ಎಫ್‌ಪಿಎಸ್ ಹೆಚ್ಚು. ಅದನ್ನು ಇಳಿಸಿ 280ಕ್ಕೆ ಕೂರಿಸಿ ತೂಕ ಹಾಕಿದ್ರೆ ನೂರು ಗುಂಡಿಗೆ ಉಳಿದದ್ದು ನಾಲ್ಕೈದು ಗ್ರಾಂ. ಒಟ್ಟು ಖರ್ಚು 80 ಗ್ರಾಂ ಹತ್ತಿರ. 16 ಇಂಚಿನದ್ದೂ ಬಂದಿತ್ತು. ಸ್ಕೇಲ್ ಇಟ್ಟೆವು, ತೂತು 8 ಇಂಚಿಗೇ ಶುರು. ಅದರಲ್ಲಿ ವೇಗ ನಮ್ಮ ಹಳೇದಕ್ಕಿಂತ ಒಂದೆರಡು ಕಮ್ಮಿಯೇ. ಭಾವ ಮಾತಾಡಲಿಲ್ಲ.

ಮತ್ತೆ ಒಡೆದ ಪ್ಯಾಕೆಟಿನ ಗುಂಡು ಹಾಕಿದೆವು. ಅದೇ ಗನ್, ಅದೇ 8.5 ಬ್ಯಾರೆಲ್. ಒಂದು 245, ಮುಂದಿನದ್ದು 290, ಮತ್ತೆ 260. ಮೂರು ಒಳಗೇ ಒಡೆಯಿತು. ಬ್ಯಾರೆಲ್ ಒರೆಸುವ ತನಕ ಮುಂದಿನ ಐದಾರು ಗುಂಡು ಎಲ್ಲೆಲ್ಲೋ ಹೋಯ್ತು.

ಈಗ ಕೇಳಿ. ಗನ್ ಕೊಡುವ ನಮ್ಮ ಹುಡುಗ ಅಲ್ಲೇ ನಿಂತಿದ್ದ. 245 ನೋಡಿ, "ಅಣ್ಣ, ಇದು ಹೀಗೇ. ಗಿರಾಕಿಗಳು ಗುಂಡು ಎದುರೇ ಬೀಳ್ತದೆ ಅಂತಾರೆ, ಆಗ ನಾನು ಸ್ಕ್ರೂ ಒಂದು ಸುತ್ತು ಬಿಡ್ತೇನೆ" ಅಂದ. ಎಲ್ಲ ಗನ್ನಿನದ್ದಾ? ಎಲ್ಲದ್ದೂ. ಯಾವಾಗಿಂದ? ಮಳೆ ಶುರುವಾದಾಗಿಂದ. ಉಳಿದ 11ರಲ್ಲಿ ಹೊಸ ಗುಂಡು ಹಾಕಿ ಕ್ರೋನೋ ಇಟ್ಟೆವು. ಆರು ಗನ್ 300ರ ಮೇಲೆ ಇತ್ತು. ಒಂದು 322. ನನಗೆ ಕೈಕಾಲು ತಣ್ಣಗಾಯ್ತು ಮಾರಾಯ್ರೆ. ಕಳೆದ ಭಾನುವಾರ ಅದೇ ಗನ್ನಿನಲ್ಲಿ ಕಾಲೇಜು ಮಕ್ಕಳು ಆಡಿದ್ದು.

ಲೇತ್_ಬೈಕಂಪಾಡಿ · 10:25

ನಿಮ್ಮ ನೂರು ಗುಂಡು ಎಲ್ಲಿ ಹೋದದ್ದು ಅಂತ ಸಿಕ್ಕಿತು. ವೇಗ 280ರಿಂದ 320ಕ್ಕೆ ಏರಿದ್ರೆ ಶಕ್ತಿ ಮೂರನೇ ಒಂದು ಪಾಲು ಹೆಚ್ಚು ಬೇಕು. ಅದು ಟ್ಯಾಂಕಿನಿಂದಲೇ ಬರ್ಬೇಕಲ್ಲ. ಗ್ಯಾಸ್ ಹಾಳಾಗಿ ಹೋಗ್ಲಿ, ಒಬ್ಬನ ಮಾಸ್ಕ್ ಜಾರಿದ್ರೆ ಏನು ಕತೆ? ನಾಳೆಯೇ ಎಲ್ಲ ಗನ್ನಿನ ಸ್ಕ್ರೂ ಕೂರಿಸಿ ಅದರ ಮೇಲೆ ಬಣ್ಣದ ಚುಕ್ಕಿ ಹಾಕಿ. ಅಲ್ಲೆನ್ ಕೀ ನಿಮ್ಮ ಕಿಸೆಯಲ್ಲಿ ಇರ್ಲಿ. ತೀರಾ ಇಳಿಸಲೂ ಬೇಡ, ಸುತ್ತಿಗೆ ಹಿಂದೆ ಕೂರದೆ ತನ್ನಷ್ಟಕ್ಕೆ ಪಟಪಟ ಹೊಡೀಲಿಕ್ಕೆ ಶುರು ಮಾಡ್ತದೆ. ಹುಡುಗನಿಗೆ ಬೈಬೇಡಿ, ಅವನಿಗೆ ಯಾರೂ ಹೇಳಿ ಕೊಡಲಿಲ್ಲ.

ಗೇರುಗುಡ್ಡೆ · 10:31

ಬೈಲಿಲ್ಲ. ಬೈಸಿಕೊಳ್ಳಬೇಕಾದವ ನಾನು. ಸೀಸನ್ ಶುರುವಲ್ಲಿ ಒಮ್ಮೆ ಕ್ರೋನೋ ಇಟ್ಟದ್ದು, ಮತ್ತೆ ಅದು ಕಪಾಟಿನಲ್ಲೇ.

ಉದ್ದಕೋವಿ · ಶುಕ್ರವಾರ ಬೆಳಿಗ್ಗೆ 6:50

ನನ್ನ 16 ಇಂಚಿನದ್ದು ನಾನು ಬಿಡುದಿಲ್ಲ. ಬಂಕರಿನ ಹಿಂದೆ ಕೂತು ಆಚೆ ಬಾಯಿ ಹಾಕ್ಲಿಕ್ಕೆ ಅದೇ ಚಂದ. ಆದರೆ "ಅರ್ಧ ಗ್ಯಾಸ್ ಉಳಿತದೆ" ಅಂತ ಇನ್ನು ಹೇಳುದಿಲ್ಲ. ಗೇರುಗುಡ್ಡೆಯವರೇ, ಒಂದು ತಪ್ಪೊಪ್ಪಿಗೆ: ಮೊನ್ನೆ ಬಂದು ನಿಮಗೆ ಹಾಗೆ ಹೇಳಿದವ ನನ್ನ ಅಳಿಯ. ಅವನಿಗೆ ಹೇಳಿದ್ದು ನಾನೇ.

ಹ್ವಾಯ್_ಕುಂದಾಪ್ರ · 7:02

😂😂 ಬ್ಯಾಂಕಿನವ್ರ್ ಅಲ್ದಾ, ಬಡ್ಡಿ ಸಮೇತ ವಾಪಾಸ್ ಬಂತ್.

ಗೇರುಗುಡ್ಡೆ · 7:20

ಪರವಾಗಿಲ್ಲ ಸರ್, ನಿಮ್ಮ 12 ಇಂಚಿನದ್ದು ಇಲ್ಲದಿದ್ರೆ ಇದು ಯಾವುದೂ ಗೊತ್ತಾಗ್ತಿರಲಿಲ್ಲ. 11 ಬ್ಯಾರೆಲ್ಲಿನ ಆರ್ಡರ್ ಬಿಟ್ಟೆವು. ಈಗ ಗುಂಡು ಇಡುದು ಹೇಗೆ? ಭಾವ ಫ್ರಿಜ್ಜಿನಲ್ಲಿ ಇಡುವ ಅಂತಾನೆ.

ಎರಡನೇ_ಪೀರಿಯಡ್ · 7:45

ಫ್ರಿಜ್ ಬೇಡವೇ ಬೇಡ. ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರು ಕೂರ್ತದೆ, ಮೊದಲಿನ ಕತೆಯೇ. ಗಾಳಿ ಆಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಬೇಕಾದಷ್ಟೇ ಪ್ಯಾಕೆಟ್ ಒಡೆಯುದು. ಸಿಲಿಕಾ ತುಂಬಾ ಹಾಕಿದ್ರೆ ಸಿಪ್ಪೆ ಒಣಗಿ ಗನ್ನಿನೊಳಗೇ ಒಡೀತದೆ, ಅದೂ ನೋಡ್ಕೊಳ್ಳಿ. ವಾರಕ್ಕೊಮ್ಮೆ ಡಬ್ಬ ಬುಡಮೇಲು ಮಾಡಿ, ಒಂದೇ ಬದಿಗೆ ಕೂತು ಚಪ್ಪಟೆ ಆಗ್ತದೆ. ಮನೆಯಲ್ಲಿ ಹಲಸಿನ ಹಪ್ಪಳ ಮಳೆಗಾಲಕ್ಕೆ ಇಡುವ ತಗಡಿನ ಡಬ್ಬ ಇಲ್ವಾ? ಅದೇ ಸಾಕು.

ಗೇರುಗುಡ್ಡೆ · 8:10

ಉಂಟು, ಎರಡು ಉಂಟು. ಅಮ್ಮನ ಹತ್ತಿರ ಕೇಳಿದೆ. ಹಪ್ಪಳ ಮುಗಿಯುವ ತನಕ ಕೊಡುದಿಲ್ಲ ಅಂತ. ಶನಿವಾರ ಆಡ್ಲಿಕ್ಕೆ ಬರುವವರಿಗೆಲ್ಲ ಚಹಾದ ಜೊತೆ ಹಪ್ಪಳ ಫ್ರೀ.